ಟೇಲಿಂಗ್ಸ್ ಅಣೆಕಟ್ಟುಗಳ ಸ್ಥಿರತೆ: ಅಳತೆಗಿಳಿಸಿದ ಮಾದರಿಗಳ ಅಧ್ಯಯನ

ಅದಿರನ್ನು ಅರೆದು ಲೋಹದ ಅಂಶವನ್ನು ಬೇರ್ಪಡಿಸಿದ ಮೇಲೆ ಉಳಿಯುವ ನುಣ್ಣನೆಯ ಮರಳು, ಹೂಳು ಮತ್ತು ನೀರಿನ ಮಿಶ್ರಣಕ್ಕೆ ಟೇಲಿಂಗ್ಸ್ ಎನ್ನುತ್ತಾರೆ. ಇದನ್ನು ಕೊಳವೆಯಲ್ಲಿ ಸಾಗಿಸಿ, ಕಣಿವೆಗೆ ಅಡ್ಡಲಾಗಿಯೋ ಬಯಲಿನ ಸುತ್ತಲೋ ಕಟ್ಟಿದ ಏರಿಯ ಹಿಂದೆ ಸುರಿಯುತ್ತಾರೆ. ಆ ಏರಿಯೇ ಟೇಲಿಂಗ್ಸ್ ಅಣೆಕಟ್ಟು. ನೀರಾವರಿ ಅಣೆಕಟ್ಟನ್ನು ಸಾಮಾನ್ಯವಾಗಿ ಒಮ್ಮೆಗೇ ಕಟ್ಟಿ ಮುಗಿಸುತ್ತಾರೆ. ಟೇಲಿಂಗ್ಸ್ ಅಣೆಕಟ್ಟು ಗಣಿ ನಡೆಯುವಷ್ಟು ಕಾಲವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿರುತ್ತದೆ. ಹೊಸ ಮೆಟ್ಟಿಲನ್ನು ಹೊರಬದಿಯ ಗಟ್ಟಿ ನೆಲದ ಮೇಲೆ ಕಟ್ಟಿದರೆ ಖರ್ಚು ಹೆಚ್ಚು, ಭದ್ರತೆಯೂ ಹೆಚ್ಚು. ಒಳಬದಿಯಲ್ಲಿ, ಹಿಂದೆ ಸುರಿದ ಕೆಸರಿನ ಮೇಲೆಯೇ ಕಟ್ಟಿದರೆ ಮಣ್ಣಿನ ಖರ್ಚು ಉಳಿಯುತ್ತದೆ, ಆದರೆ ಅಣೆಕಟ್ಟು ತಾನು ತಡೆಹಿಡಿಯಬೇಕಾದ ಕೆಸರಿನ ಮೇಲೆಯೇ ನಿಂತಂತಾಗುತ್ತದೆ. ಇತ್ತೀಚಿನ ದಶಕಗಳ ದೊಡ್ಡ ದುರಂತಗಳಲ್ಲಿ ಹಲವು ಈ ಎರಡನೆಯ ಬಗೆಯವು. ಗಣಿ ಮುಚ್ಚಿದರೂ ಈ ರಚನೆಯ ಕೆಲಸ ಮುಗಿಯುವುದಿಲ್ಲ. ಜಲಾಶಯವನ್ನು ಬರಿದು ಮಾಡಬಹುದು, ಕೋಟಿಗಟ್ಟಲೆ ಟನ್ ಕೆಸರನ್ನು ಎಲ್ಲಿಗೆ ಸಾಗಿಸುವುದು?

ಕರ್ನಾಟಕದಲ್ಲಿ ಈ ಪ್ರಶ್ನೆ ಕಣ್ಣಿಗೆ ಕಾಣುವಂತೆ ನಿಂತಿರುವುದು ಕುದುರೆಮುಖದಲ್ಲಿ. ಇರಾನ್ ಜತೆಗಿನ ಒಪ್ಪಂದದ ಬಲದಿಂದ 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯ ಕಾರ್ಖಾನೆ 1980ರಲ್ಲಿ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿ ನಡೆದು ಕೊಳ್ಳುವವರೇ ಇಲ್ಲವಾಗಿದ್ದರು. ಆದರೂ ವರ್ಷಕ್ಕೆ 75 ಲಕ್ಷ ಟನ್ ಅದಿರುಪುಡಿ ತಯಾರಿಸುವ ಸಾಮರ್ಥ್ಯದ ಆ ಕಾರ್ಖಾನೆ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸರಕು ಕಳಿಸುತ್ತ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ನಡೆಯಿತು. ಅಲ್ಲಿನ ಮ್ಯಾಗ್ನಟೈಟ್ ಅದಿರಿನಲ್ಲಿ ಕಬ್ಬಿಣದ ಪ್ರಮಾಣ ಶೇಕಡ 40ಕ್ಕಿಂತ ಕಡಿಮೆ. ಹಾಗಾಗಿ ತೋಡಿದ್ದರಲ್ಲಿ ಹೆಚ್ಚಿನ ಪಾಲು ಟೇಲಿಂಗ್ಸ್ ಆಗಿ ಲಕ್ಯಾ ಹೊಳೆಗೆ ಅಡ್ಡ ಕಟ್ಟಿದ ಮಣ್ಣಿನ ಅಣೆಕಟ್ಟಿನ ಹಿಂದೆ ಸೇರಿತು. ಅದರ ಎತ್ತರ ಸುಮಾರು 100 ಮೀಟರ್. ರಾಜಾಜಿನಗರದ ಅಂಚಿನಲ್ಲಿ, ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನಿಂತಿರುವ 128 ಮೀಟರಿನ ವರ್ಲ್ಡ್ ಟ್ರೇಡ್ ಸೆಂಟರನ್ನು ಕಂಡವರಿಗೆ ಈ ಎತ್ತರದ ಅಂದಾಜು ಸಿಗುತ್ತದೆ: ಆ ಕಟ್ಟಡದ ಮುಕ್ಕಾಲಿಗೂ ಮಿಗಿಲು. ಕಾರ್ಖಾನೆ ನಿಂತು ಎರಡು ದಶಕವಾದರೂ ಲಕ್ಯಾ ಕಣಿವೆಯ ಕೆಸರು ಅಲ್ಲೇ ಇದೆ, ಅದರ ಮೇಲೆ ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಮೀರುವ ಮಳೆ ಸುರಿಯುತ್ತಲೇ ಇದೆ, ಕೆಳಗೆ ಭದ್ರಾ ನದಿ ಕಳಸದ ಕಡೆಗೆ ಹರಿಯುತ್ತಿದೆ. ದೋಣಿಮಲೆಯ ಕಬ್ಬಿಣದ ಗಣಿಗೂ ಹಟ್ಟಿಯ ಚಿನ್ನದ ಗಣಿಗೂ ಇಂಥ ಕಟ್ಟೆಗಳಿವೆ. ಕೆಜಿಎಫ್‌ನಲ್ಲಿ ಕೆಸರು ಒಣಗಿ ಗುಡ್ಡವಾಗಿದೆ. ಊರಿನವರು ಅದನ್ನು ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ.

ಇಂಥ ರಚನೆ ಭದ್ರವೇ ಎಂದು ತಿಳಿಯಲು ಅದರ ಚಿಕ್ಕ ಮಾದರಿ ಮಾಡಿ ನೋಡಬಹುದಲ್ಲ ಎಂಬ ಯೋಚನೆ ಕರ್ನಾಟಕದವರಿಗೆ ಸಹಜವಾಗಿಯೇ ಬರುತ್ತದೆ. ಮೈಸೂರಿನ ಹತ್ತಿರದ ಕೃಷ್ಣರಾಜಸಾಗರದಲ್ಲಿ, ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ 1940ರ ದಶಕದಿಂದ ಅಣೆಕಟ್ಟು, ಕೋಡಿ, ನಾಲೆಗಳ ಮಾದರಿಗಳನ್ನು ನೆಲದ ಮೇಲೆ ಕಟ್ಟಿ ನೀರು ಹರಿಸಿ ಪರೀಕ್ಷಿಸುತ್ತ ಬಂದಿದೆ. ನೀರಿನ ಹರಿವಿನ ಮಟ್ಟಿಗೆ ಈ ವಿಧಾನ ಸೊಗಸಾಗಿ ಕೆಲಸ ಮಾಡುತ್ತದೆ. ಕೋಡಿಯ ಮೇಲೆ ಧುಮುಕುವ ನೀರನ್ನು ಆಳುವುದು ಮುಖ್ಯವಾಗಿ ಗುರುತ್ವ ಮತ್ತು ಜಡತ್ವ. ಮಾದರಿ ಐವತ್ತರಲ್ಲೊಂದು ಅಳತೆಯದ್ದಾದರೆ ವೇಗ ಐವತ್ತರ ವರ್ಗಮೂಲದಷ್ಟು, ಎಂದರೆ ಸುಮಾರು ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ಲೆಕ್ಕ ಹಿಡಿದರೆ ಮಾದರಿಯಲ್ಲಿ ಕಂಡ ಅಲೆ, ಸುಳಿ, ಕೊರೆತಗಳನ್ನು ನಿಜದ ಕೋಡಿಗೆ ಅನ್ವಯಿಸಬಹುದು. ಟೇಲಿಂಗ್ಸ್ ಅಣೆಕಟ್ಟಿನ ವಿಷಯದಲ್ಲಿ ಈ ಸುಲಭ ಲೆಕ್ಕ ಮುರಿದುಬೀಳುತ್ತದೆ. ಅಣೆಕಟ್ಟಿನ ಉದ್ದ, ಅಗಲ, ಎತ್ತರಗಳನ್ನು ಕಿರಿದು ಮಾಡುವುದು ಕಷ್ಟವಲ್ಲ. ಆದರೆ ಅದರ ಭಾರ, ಅದರೊಳಗಿನ ನೀರು, ಅದು ಕಳೆದ ಕಾಲ ಈ ಮೂರೂ ಒಂದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ. ಆದ್ದರಿಂದ ಒಂದು ಮಾದರಿ ಇಡೀ ಅಣೆಕಟ್ಟಿನ ಪ್ರತಿನಿಧಿಯಾಗಲಾರದು. ಅದು ಒಂದು ಬಗೆಯ ಕುಸಿತದ ಪ್ರತಿನಿಧಿ ಮಾತ್ರ. ಯಾವ ಕುಸಿತವನ್ನು ನೋಡಬೇಕೆಂದು ಮೊದಲೇ ತೀರ್ಮಾನಿಸದೆ ಕಟ್ಟಿದ ಮಾದರಿ ನೋಡುವವರನ್ನು ದಾರಿತಪ್ಪಿಸುತ್ತದೆ, ಅದೂ ಹೆಚ್ಚಾಗಿ ನಿಶ್ಚಿಂತೆಯ ಕಡೆಗೆ.

ಸಿವಿಲ್ ಎಂಜಿನಿಯರಿಂಗ್ ಕಾಲೇಜಿನ ಮಣ್ಣು ಪ್ರಯೋಗಾಲಯದಲ್ಲಿ ಮಾಡಬಹುದಾದ ಅತಿ ಸರಳ ಮಾದರಿಯನ್ನೇ ತೆಗೆದುಕೊಳ್ಳಿ. ಉದ್ದನೆಯ ಉಕ್ಕಿನ ಪೆಟ್ಟಿಗೆ, ಮುಂಬದಿಗೆ ದಪ್ಪ ಗಾಜು. ಒಳಗೆ ಒಂದು ಮೀಟರ್ ಎತ್ತರಕ್ಕೆ ಟೇಲಿಂಗ್ಸನ್ನು ಪದರ ಪದರವಾಗಿ ಹಾಕುತ್ತ, ಗಾಜಿಗೆ ತಾಗಿದಂತೆ ಅಲ್ಲಲ್ಲಿ ಬಣ್ಣದ ಮರಳಿನ ತೆಳುಗೆರೆ ಎಳೆಯುತ್ತಾರೆ; ತಳದಿಂದ ಸಣ್ಣ ಕೊಳವೆಗಳನ್ನು ಹೊರಗೆ ತಂದು ನೀರಿನ ಮಟ್ಟ ಅಳೆಯುತ್ತಾರೆ. ಹಿಂಬದಿಯಿಂದ ನೀರು ಬಿಟ್ಟಾಗ ತೇವದ ಗಾಢ ಅಂಚು ಗಾಜಿನ ಹಿಂದೆ ನಿಧಾನವಾಗಿ ಮುಂದೆ ಸರಿಯುತ್ತದೆ, ಏರಿಯ ಬುಡದಲ್ಲಿ ಒಸರು ಕಾಣುತ್ತದೆ, ಅಲ್ಲೊಂದು ಹಿಡಿಯಷ್ಟು ಮಣ್ಣು ಜಾರಿ ಬೀಳುತ್ತದೆ, ಬಣ್ಣದ ಗೆರೆಗಳು ಬಾಗತೊಡಗುತ್ತವೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ತೀರ್ಪಿಗೆ ಮಾತ್ರ ಇದು ಸಾಲದು. ಒಂದು ಮೀಟರ್ ಎತ್ತರದ ಮಾದರಿಯ ತಳದಲ್ಲಿ ಚದರ ಮೀಟರಿಗೆ ಸುಮಾರು ಎರಡು ಟನ್ ಭಾರ ಬೀಳುತ್ತದೆ. ಲಕ್ಯಾದಷ್ಟು ಎತ್ತರದ ಅಣೆಕಟ್ಟಿನ ತಳದಲ್ಲಿ ಅದು ಇನ್ನೂರು ಟನ್ ಆಸುಪಾಸು. ಮರಳಿನ ಗುಣ ಅದರ ಮೇಲಿನ ಭಾರಕ್ಕೆ ತಕ್ಕಂತೆ ಬದಲಾಗುತ್ತದೆ. ಕಡಿಮೆ ಭಾರದಲ್ಲಿ ಸಡಿಲ ಮರಳನ್ನು ಜರುಗಿಸಿದರೂ ಕಣಗಳು ಒಂದರ ಮೇಲೊಂದು ಹತ್ತಿ ಹಿಗ್ಗುತ್ತವೆ, ಹಿಗ್ಗುವಾಗ ನೀರನ್ನು ಒಳಗೆಳೆದುಕೊಂಡು ಗಟ್ಟಿಯಾಗುತ್ತವೆ. ಅದೇ ಸಡಿಲ ಮರಳು ಹೆಚ್ಚು ಭಾರದಡಿ ಕುಗ್ಗುತ್ತದೆ. ಕುಗ್ಗುವಾಗ ಹೊರಹೋಗಲು ದಾರಿಯಿಲ್ಲದ ನೀರು ಭಾರವನ್ನೆಲ್ಲ ತಾನು ಹೊತ್ತುಕೊಳ್ಳುತ್ತದೆ, ಕಣಗಳ ನಡುವಿನ ಹಿಡಿತ ಸಡಿಲಗೊಂಡು ಮಣ್ಣು ದ್ರವದಂತೆ ಹರಿಯುತ್ತದೆ. ದ್ರವೀಕರಣವೆಂಬ ಈ ಪ್ರಕ್ರಿಯೆಯೇ ಟೇಲಿಂಗ್ಸ್ ಅಣೆಕಟ್ಟುಗಳಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ, ಗಾಜಿನ ಪೆಟ್ಟಿಗೆ ಅದನ್ನೇ ಮರೆಮಾಚುತ್ತದೆ. ಇದರ ಜತೆಗೆ ಕೇಶಾಕರ್ಷಣೆಯ ತೊಡಕು. ನುಣ್ಣನೆಯ ಟೇಲಿಂಗ್ಸಿನಲ್ಲಿ ನೀರು ತಾನಾಗಿಯೇ ಹತ್ತಾರು ಸೆಂಟಿಮೀಟರ್ ಮೇಲೇರುತ್ತದೆ. ನೂರು ಮೀಟರಿನ ಅಣೆಕಟ್ಟಿನಲ್ಲಿ ಇದು ಲೆಕ್ಕಕ್ಕಿಲ್ಲದ ವಿಷಯ. ಒಂದು ಮೀಟರಿನ ಮಾದರಿಯಲ್ಲಿ ಅರ್ಧ ಏರಿಯೇ ಈ ತೇವದ ಬಿಗಿಯಲ್ಲಿ ನಿಂತಿರುತ್ತದೆ.

ಭಾರದ ತೊಡಕಿಗೆ ಪರಿಹಾರ ಸಿಕ್ಕಿದ್ದು ಮಾದರಿಯನ್ನು ವೇಗವಾಗಿ ಸುತ್ತಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ. ಮಾದರಿಯನ್ನು N ಪಟ್ಟು ಕಿರಿದು ಮಾಡಿ ಗುರುತ್ವವನ್ನು N ಪಟ್ಟು ಹೆಚ್ಚಿಸಿದರೆ ಒಳಗಿನ ಪ್ರತಿಯೊಂದು ಬಿಂದುವಿನಲ್ಲೂ ನಿಜದ ಅಣೆಕಟ್ಟಿನಷ್ಟೇ ಒತ್ತಡ ಇರುತ್ತದೆ ಎಂಬುದು ಇದರ ತತ್ತ್ವ. ಫ್ರಾನ್ಸಿನ ಎದ್ವಾರ್ ಫಿಲಿಪ್ಸ್ ಇದನ್ನು ಸೂಚಿಸಿದ್ದು 1869ರಲ್ಲಿ, ಅದೂ ದೊಡ್ಡ ಸೇತುವೆಗಳ ಸಲುವಾಗಿ. ಸುಮಾರು ಅರವತ್ತು ವರ್ಷ ಅದು ಕಾಗದದ ಮೇಲೆಯೇ ಉಳಿಯಿತು. 1931ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫಿಲಿಪ್ ಬಕಿ ಗಣಿಯೊಳಗಿನ ಚಾವಣಿಯ ಕಲ್ಲು ಹೇಗೆ ಬಿರಿಯುತ್ತದೆಂದು ನೋಡಲು ಇದನ್ನು ಪ್ರಯೋಗಕ್ಕಿಳಿಸಿದರು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಸೋವಿಯತ್ ಒಕ್ಕೂಟದಲ್ಲಿ ಪೊಕ್ರೊವ್ಸ್ಕಿ ಮಣ್ಣಿನ ಇಳಿಜಾರುಗಳನ್ನು ತಿರುಗಿಸಿ ನೋಡಿದರು. ಮುಂದೆ ಕೇಂಬ್ರಿಜ್‌ನಲ್ಲಿ ಆಂಡ್ರ್ಯೂ ಸ್ಕೋಫೀಲ್ಡ್ ಇದಕ್ಕೆ ಶಾಸ್ತ್ರದ ತಳಹದಿ ಹಾಕಿಕೊಟ್ಟರು. ಭಾರತದಲ್ಲಿ ಈ ಬಗೆಯ ದೊಡ್ಡ ಯಂತ್ರವಿರುವುದು ಬಾಂಬೆ ಐಐಟಿಯಲ್ಲಿ. ಅದರ ತೋಳಿನ ತ್ರಿಜ್ಯ 4.5 ಮೀಟರ್. ತೋಳಿನ ತುದಿಗೆ ಕೀಲಿನಿಂದ ತೂಗಿಬಿಟ್ಟ ಬುಟ್ಟಿ, ಅದರೊಳಗೆ ಗಾಜಿನ ಮುಖದ ಪೆಟ್ಟಿಗೆ. ವೇಗ ಹೆಚ್ಚುತ್ತ ಹೋದಂತೆ ಬುಟ್ಟಿ ಮೇಲೆದ್ದು ಅಡ್ಡಡ್ಡವಾಗಿ ಮಲಗುತ್ತದೆ, ಮಾದರಿಯೊಳಗಿನ ಮಣ್ಣಿಗೆ ಮಾತ್ರ ತಳ ಇನ್ನೂ ಕೆಳಗೇ ಇದ್ದಂತೆ. ಈ ತ್ರಿಜ್ಯದ ತೋಳು ನಿಮಿಷಕ್ಕೆ ಸುಮಾರು 140 ಸುತ್ತು ಹೊಡೆದರೆ ಬುಟ್ಟಿಯೊಳಗೆ ಭೂಮಿಯ ನೂರು ಪಟ್ಟು ಗುರುತ್ವ. ಆಗ ಅರ್ಧ ಮೀಟರಿನ ಏರಿ ಐವತ್ತು ಮೀಟರಿನ ಅಣೆಕಟ್ಟಿನಂತೆ ವರ್ತಿಸುತ್ತದೆ, ಕೇಶಾಕರ್ಷಣೆಯ ಎತ್ತರವೂ ನೂರರಲ್ಲೊಂದಕ್ಕೆ ಇಳಿಯುತ್ತದೆ. ದೋಷವೇ ಇಲ್ಲವೆಂದಲ್ಲ. ಗುರುತ್ವ ತ್ರಿಜ್ಯದ ಮೇಲೆ ನಿಂತಿರುವುದರಿಂದ ಆ ಅರ್ಧ ಮೀಟರಿನ ಮೇಲಂಚಿಗೂ ತಳಕ್ಕೂ ಶೇಕಡ ಹತ್ತರ ಆಸುಪಾಸಿನ ವ್ಯತ್ಯಾಸ ಬರುತ್ತದೆ. ಇಷ್ಟನ್ನು ಲೆಕ್ಕದಲ್ಲಿ ಸರಿದೂಗಿಸಬಹುದು.

ಸೆಂಟ್ರಿಫ್ಯೂಜಿನ ನಿಜವಾದ ಲಾಭ ಕಾಲದ ಲೆಕ್ಕದಲ್ಲಿದೆ. ಮಣ್ಣಿನ ರಂಧ್ರಗಳಿಂದ ನೀರು ಬಸಿದು ಮಣ್ಣು ಗಟ್ಟಿಯಾಗಲು ಬೇಕಾದ ಕಾಲ, ನೀರು ಸಾಗಬೇಕಾದ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ ನೂರು ಪಟ್ಟು ಗುರುತ್ವದಲ್ಲಿ ಕಾಲ ಹತ್ತು ಸಾವಿರದಲ್ಲೊಂದು ಪಾಲಿಗೆ ಕುಗ್ಗುತ್ತದೆ. ಕುದುರೆಮುಖದ ಕಾರ್ಖಾನೆ ನಡೆದ ಸುಮಾರು 25 ವರ್ಷಗಳ ಬಸಿಯುವಿಕೆ ಯಂತ್ರದಲ್ಲಿ 22 ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಭೂಕಂಪದ ಅಲುಗಾಟ ಬೇರೆ ಲೆಕ್ಕ ಹಿಡಿಯುತ್ತದೆ: ನೂರು ಪಟ್ಟು ಗುರುತ್ವದಲ್ಲಿ ಅದರ ಕಾಲ ಕುಗ್ಗುವುದು ನೂರರಲ್ಲೊಂದಕ್ಕೆ ಮಾತ್ರ, 20 ಸೆಕೆಂಡಿನ ಕಂಪನವನ್ನು 0.2 ಸೆಕೆಂಡಿನಲ್ಲಿ ಕೊಡಬೇಕು. ಕಂಪನ ನೂರು ಪಟ್ಟು ಬೇಗ, ಬಸಿಯುವಿಕೆ ಹತ್ತು ಸಾವಿರ ಪಟ್ಟು ಬೇಗ ಎಂದಾದರೆ ನೀರು ನಿಜಕ್ಕಿಂತ ಸಲೀಸಾಗಿ ತಪ್ಪಿಸಿಕೊಂಡುಬಿಡುತ್ತದೆ, ದ್ರವೀಕರಣ ನಡೆಯುವುದೇ ಇಲ್ಲ. ಇದಕ್ಕೆ ಕಂಡುಕೊಂಡ ಉಪಾಯ, ಸಾದಾ ನೀರಿನ ಬದಲು ಮಿಥೈಲ್ ಸೆಲ್ಯುಲೋಸ್ ಬೆರೆಸಿ ನೂರು ಪಟ್ಟು ಮಂದವಾಗಿಸಿದ ನೀರನ್ನು ಮಾದರಿಗೆ ತುಂಬುವುದು. ಚಿಲಿಯಲ್ಲಿ 1965ರ ಭೂಕಂಪಕ್ಕೆ ಎಲ್ ಕೋಬ್ರೆಯ ಟೇಲಿಂಗ್ಸ್ ಕಟ್ಟೆ ದ್ರವವಾಗಿ ಹರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತಂಥ ಘಟನೆಗಳನ್ನು ಅರ್ಥಮಾಡಿಕೊಳ್ಳಲು ಇಂಥ ಪ್ರಯೋಗಗಳೇ ದಾರಿ. ಬೆಂಗಳೂರಿನಲ್ಲಿ, ರಾಜಾಜಿನಗರಕ್ಕೆ ದೂರವಲ್ಲದ ಸಿ.ವಿ. ರಾಮನ್ ರಸ್ತೆಯಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ವಿಭಾಗಕ್ಕೂ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೂ ಕಂಪನ ಮೇಜುಗಳಿವೆ. ಮಣ್ಣಿನ ಗೋಡೆ, ವಿದ್ಯುತ್ ಉಪಕರಣಗಳನ್ನು ಅಲುಗಾಡಿಸಿ ನೋಡಲು ಅವು ತಕ್ಕವು. ಟೇಲಿಂಗ್ಸ್ ಏರಿಯನ್ನು ಅಲ್ಲಿಟ್ಟರೆ ಮಾತ್ರ ಗಾಜಿನ ಪೆಟ್ಟಿಗೆಯ ಮಿತಿಯೇ ಮತ್ತೆ ಎದುರಾಗುತ್ತದೆ, ಏಕೆಂದರೆ ಗುರುತ್ವ ಅಲ್ಲೂ ಭೂಮಿಯದೇ. ಸಡಿಲತೆಯನ್ನು ಬೇಕೆಂದೇ ಹೆಚ್ಚಿಸಿ, ಅಲುಗಾಟದ ಕಾಲವನ್ನು ಹೊಂದಿಸಿ ಈ ಕೊರತೆಯನ್ನು ಭಾಗಶಃ ತುಂಬಬಹುದು.

ಇಷ್ಟೆಲ್ಲ ಕಸರತ್ತು ಯಾಕೆ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಸಾಲದೇ ಎಂಬುದು ಮೊದಲ ಆಕ್ಷೇಪ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಇಂದು ಜಗತ್ತಿನ ಬಹುಪಾಲು ಅಣೆಕಟ್ಟುಗಳ ಸುರಕ್ಷತಾ ಗುಣಾಂಕ, ಎಂದರೆ ಮಣ್ಣಿನ ಬಲ ಅದು ತಡೆಯಬೇಕಾದ ಒತ್ತಡದ ಎಷ್ಟು ಪಟ್ಟು ಎಂಬ ಅಂಕಿ, ಬರುವುದು ಲೆಕ್ಕದಿಂದಲೇ. ಆದರೆ ಲೆಕ್ಕ ಹಾಕುವವರು ಮಣ್ಣು ಹೇಗೆ ವರ್ತಿಸುತ್ತದೆಂಬ ನಿಯಮವನ್ನು ಮೊದಲು ಕಂಪ್ಯೂಟರಿಗೆ ಹೇಳಿಕೊಡಬೇಕು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ವೆಲಾಕ್ಸ್ ಯೋಜನೆಯಲ್ಲಿ ಸೆಂಟ್ರಿಫ್ಯೂಜ್ ಪ್ರಯೋಗಗಳಿಗೆ ಮುನ್ನವೇ ಹಲವು ತಂಡಗಳಿಂದ ಫಲಿತಾಂಶದ ಮುನ್ಸೂಚನೆ ಪಡೆದರು. ಅವುಗಳಲ್ಲಿ ಒಮ್ಮತವಿರಲಿಲ್ಲ, ಎಷ್ಟೋ ಮುನ್ಸೂಚನೆಗಳು ಪ್ರಯೋಗದ ಹತ್ತಿರಕ್ಕೂ ಬರಲಿಲ್ಲ. ಲೆಕ್ಕದ ವಿಧಾನಗಳು ಆಮೇಲೆ ಸುಧಾರಿಸಿದ್ದರಲ್ಲಿ ಇಂಥ ಮುಖಾಮುಖಿಗಳ ಪಾಲು ದೊಡ್ಡದು. ಬ್ರೆಜಿಲಿನ ಬ್ರುಮಾಡಿನ್ಯೊ ಇದಕ್ಕಿಂತ ಕಹಿಯಾದ ಸಾಕ್ಷಿ. ಅಲ್ಲಿನ 86 ಮೀಟರ್ ಎತ್ತರದ, ಒಳಮುಖವಾಗಿ ಏರಿಸಿದ ಕಟ್ಟೆಗೆ 2018ರಲ್ಲಿ ಸ್ಥಿರವೆಂಬ ಪ್ರಮಾಣಪತ್ರ ಸಿಕ್ಕಿತ್ತು. ಅದಕ್ಕೆ ಕೆಸರು ಸುರಿಯುವುದು ನಿಂತು ಎರಡು ವರ್ಷವಾಗಿತ್ತು. 2019ರ ಜನವರಿ 25ರಂದು ಅದು ಹತ್ತು ಸೆಕೆಂಡಿನೊಳಗೆ ಕುಸಿದು, ಐದು ನಿಮಿಷದೊಳಗೆ 97 ಲಕ್ಷ ಘನಮೀಟರ್ ಕೆಸರು ಹೊರನುಗ್ಗಿ 270 ಜನರನ್ನು ಬಲಿ ತೆಗೆದುಕೊಂಡಿತು. ಕುಸಿತಕ್ಕೆ ಮುನ್ನ ಕಣ್ಣಿಗೆ ಕಾಣುವ ಬಿರುಕು, ಜಾರುವಿಕೆ ಏನೂ ಇರಲಿಲ್ಲವೆಂದು ತಜ್ಞರ ಸಮಿತಿ ಹೇಳಿತು. ನಿಧಾನವಾಗಿ ಸೋಲುವ ಮಣ್ಣಿಗೂ ಗರಿಷ್ಠ ಬಲ ಮುಟ್ಟಿದೊಡನೆ ಪುಸಕ್ಕನೆ ಬಲ ಕಳೆದುಕೊಳ್ಳುವ ಮಣ್ಣಿಗೂ ಒಂದೇ ಸುರಕ್ಷತಾ ಗುಣಾಂಕ ಬರಬಹುದು. ಇವೆರಡರ ನಡುವಿನ ಅಂತರ ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ. ಬ್ರೆಜಿಲಿನಲ್ಲೇ 2015ರ ನವೆಂಬರ್ 5ರಂದು ಕುಸಿದ ಫುಂಡಾವೊ ಕಟ್ಟೆಯಲ್ಲೂ ಕಾರಣ ಹೊರಬಿದ್ದದ್ದು ಭೌತಿಕ ಪರೀಕ್ಷೆಯ ನೆರವಿನಿಂದಲೇ. ಮರಳಿನ ಕೆಳಗಿದ್ದ ಜಿಗುಟು ಕೆಸರು ಪಕ್ಕಕ್ಕೆ ಹಿಂಡಿಕೊಂಡು ಹೋಗುತ್ತ ಮೇಲಿನ ಮರಳನ್ನೂ ಎಳೆದು ಸಡಿಲಗೊಳಿಸಿತೆಂಬ ಊಹೆ ತನಿಖೆಗೆ ಬಂದಾಗ, ಅದೇ ಮರಳನ್ನು ಪ್ರಯೋಗಾಲಯದಲ್ಲಿ ಅದೇ ಹಾದಿಯಲ್ಲಿ ಸಡಿಲಿಸಿ ನೋಡಿದರು. ಅದು ಹಠಾತ್ತನೆ ಕುಸಿಯಿತು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು, ಅದಕ್ಕೆ ಪೂರ್ಣ ಉತ್ತರವೂ ಇಲ್ಲ. ಮಾದರಿಯಲ್ಲಿ ತುಂಬುವ ಟೇಲಿಂಗ್ಸ್ ನಿಜದ ಟೇಲಿಂಗ್ಸ್ ಆಗಿದ್ದರೂ ಅದರ ಚರಿತ್ರೆ ನಿಜವಲ್ಲ. ಕಟ್ಟೆಯಲ್ಲಿ ಕೊಳವೆಯ ಬಾಯಿಯ ಹತ್ತಿರ ದಪ್ಪ ಮರಳು ನಿಂತು, ನುಣ್ಣನೆಯ ಹೂಳು ದೂರ ಹೋಗಿ, ಮಳೆಗಾಲಕ್ಕೊಂದು ಬೇಸಿಗೆಗೊಂದು ಎಂಬಂತೆ ತೆಳುಪದರಗಳು ಕೂಡುತ್ತವೆ. ಬಾಂಡಲಿಯಿಂದ ಸುರಿದು ತಟ್ಟಿದ ಮಾದರಿಯಲ್ಲಿ ಅವು ಇರುವುದಿಲ್ಲ. ಬ್ರುಮಾಡಿನ್ಯೊ ಕೆಸರಿನಲ್ಲಿ ಕಬ್ಬಿಣದ ಆಕ್ಸೈಡ್ ಕಣಗಳನ್ನು ಒಂದಕ್ಕೊಂದು ಬೆಸೆದು ಇಡೀ ರಾಶಿಯನ್ನು ಬಿರುಸಾಗಿಸಿತ್ತು, ಎಂದರೆ ಮೊದಲು ಗಟ್ಟಿ, ಮುರಿದ ಮೇಲೆ ಏನೂ ಇಲ್ಲ. ವರ್ಷಗಟ್ಟಲೆ ಕೂತು ಬೆಳೆದ ಆ ಬೆಸುಗೆಯನ್ನು ಒಂದು ದಿನದ ಪ್ರಯೋಗದಲ್ಲಿ ಬೆಳೆಸಲಾಗದು. ಕಬ್ಬಿಣದ ಅದಿರಿನದೇ ಕೆಸರಾದ ಲಕ್ಯಾದ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲದೆ ಬ್ರುಮಾಡಿನ್ಯೊದಲ್ಲಿ ಸಮಿತಿ ಗುರುತಿಸಿದ ಕಾರಣಗಳಲ್ಲಿ ಒಂದು, ನಿರಂತರ ಭಾರದಡಿ ಮಣ್ಣು ಅತಿ ನಿಧಾನವಾಗಿ ಸರಿಯುವ ಕ್ರೀಪ್. ಇನ್ನೊಂದು, ಮಳೆಯಿಂದ ಮೇಲ್ಪದರದ ತೇವದ ಬಿಗಿ ಸಡಿಲವಾದದ್ದು. ಬಸಿಯುವಿಕೆಯ ಕಾಲವನ್ನು ಕುಗ್ಗಿಸುವ ಸೆಂಟ್ರಿಫ್ಯೂಜ್ ಕ್ರೀಪಿನ ಕಾಲವನ್ನು ಕುಗ್ಗಿಸಲಾರದು. ಅಲ್ಲಿ ಹತ್ತು ವರ್ಷವೆಂದರೆ ಹತ್ತು ವರ್ಷವೇ. ಹಾಗೆಂದು ಮಾದರಿಯನ್ನೇ ಬಿಡಬೇಕೆನ್ನುವುದು ಸರಿಯಾಗದು. ಕುಸಿತಕ್ಕೆ ಕಿಡಿ ಯಾವುದೆಂದು ಅದು ಹೇಳದಿರಬಹುದು. ಕಿಡಿ ಬಿದ್ದ ಮೇಲೆ ಏರಿ ಬುಡದಿಂದ ಹೊರಡುತ್ತದೋ ನಡುವಿನಿಂದಲೋ, ಒಂದು ತುಂಡು ಜಾರಿ ನಿಲ್ಲುತ್ತದೋ ಇಡೀ ರಾಶಿ ಹರಿಯುತ್ತದೋ ಎಂಬುದನ್ನು ಹೇಳುತ್ತದೆ. ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರುಗಳನ್ನು ಎಲ್ಲಿ, ಎಷ್ಟು ಆಳಕ್ಕೆ ಇಳಿಸಬೇಕೆಂದು ತೀರ್ಮಾನಿಸಲು ಬೇಕಾದ ಮಾಹಿತಿ ಇದೇ.

ಹರಿದ ಕೆಸರು ಎಷ್ಟು ದೂರ ಹೋಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಮಾದರಿ ಬೇಕು. ಬ್ರುಮಾಡಿನ್ಯೊ ಕೆಸರು ಪರಾವೊಪೆಬಾ ನದಿ ಸೇರುವ ಮುನ್ನ ಸಾಗಿದ್ದು ಹತ್ತು ಕಿಲೋಮೀಟರ್ ಹತ್ತಿರ, ಬಸವೇಶ್ವರನಗರದಿಂದ ಕೆಂಗೇರಿಗೆ ಇರುವಷ್ಟು ದೂರ. ಇಳಿಜಾರಿನ ಕಾಲುವೆಯಲ್ಲಿ ಕದ ತೆರೆದು ಮಂದ ಕೆಸರನ್ನು ಹರಿಯಬಿಡುವ ಪ್ರಯೋಗಗಳಲ್ಲಿ ವೇಗ ಮತ್ತು ದಪ್ಪದ ಅಂದಾಜು ಸಿಗುತ್ತದೆ. ಆದರೆ ಜಡತ್ವವನ್ನೂ ಕೆಸರಿನ ಜಿಗುಟನ್ನೂ ಒಟ್ಟಿಗೆ ಕಿರಿದು ಮಾಡಲಾಗದ ಕಾರಣ ಈ ಅಂದಾಜನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆಯುವಾಗ ಸಾಕಷ್ಟು ಅಂಚು ಬಿಡಬೇಕಾಗುತ್ತದೆ.

ಇದೇ ವಿವೇಚನೆಯನ್ನು ಲಕ್ಯಾಕ್ಕೆ ಹಚ್ಚಿದರೆ ಕೆಲಸ ಮೂರು ಭಾಗವಾಗುತ್ತದೆ. ಘಟ್ಟದ ಮಳೆಯಲ್ಲಿ ಕೋಡಿ ಕಟ್ಟಿಕೊಂಡು ನೀರು ಏರಿಯ ಮೇಲೆ ಹರಿಯಬಹುದೇ ಎಂಬುದು ನೀರಿನ ಪ್ರಶ್ನೆ. ಕೃಷ್ಣರಾಜಸಾಗರದ ಬಗೆಯ ಹಳೆಯ ಮಾದರಿಯೇ ಅದಕ್ಕೆ ಸಾಕು. ಏರಿಯೊಳಗಿನ ಸೋಸು ಪದರಗಳು ದಶಕಗಳಲ್ಲಿ ಮುಚ್ಚಿಹೋದರೆ ಒಳಗಿನ ನೀರಿನ ಮಟ್ಟ ಎಲ್ಲಿಯವರೆಗೆ ಏರಬಲ್ಲದು, ಆಗ ಹೊರಮುಖ ಎಲ್ಲಿ ಸೋಲುತ್ತದೆ ಎಂಬುದು ಭಾರ ಮತ್ತು ನೀರು ಎರಡರ ಪ್ರಶ್ನೆ. ಅದು ಸೆಂಟ್ರಿಫ್ಯೂಜಿನ ಪಾಲು. ಕಣಗಳ ಬೆಸುಗೆ ಮತ್ತು ಕ್ರೀಪಿನ ಪ್ರಶ್ನೆಗೆ ಎರಡೂ ಉತ್ತರ ಕೊಡವು. ಅಲ್ಲಿ ಕೆಸರಿನಿಂದ ಕೆಡದಂತೆ ಎತ್ತಿದ ಮಾದರಿ ತುಂಡುಗಳ ಪರೀಕ್ಷೆ, ವರ್ಷಗಟ್ಟಲೆ ಬಿಡದೆ ಬರೆದಿಟ್ಟ ಪೀಜೋಮೀಟರ್ ಅಳತೆ ಇವೇ ಗತಿ. ಮುಚ್ಚಿದ ಗಣಿಯಲ್ಲಿ ಮೊದಲು ನಿಂತುಹೋಗುವುದು ಸಾಮಾನ್ಯವಾಗಿ ಈ ಕೊನೆಯ ಕೆಲಸವೇ. ಕುದುರೆಮುಖದ ಗಣಿಗಾರಿಕೆ ಭದ್ರಾ ನದಿಯ ಹೂಳಿನ ಮೇಲೆ ಬೀರಿದ ಪರಿಣಾಮವನ್ನು ನದಿಯಲ್ಲೇ ಅಳೆದ ಸಂಶೋಧನೆ 2006ರಲ್ಲಿ ಪ್ರಕಟವಾಯಿತು. ಕಣಿವೆಯ ಮಟ್ಟದಲ್ಲಿ ಮಾಡಿದ ಅಂಥ ಅಳತೆಯ ಶಿಸ್ತು ಏರಿಯ ಒಳಭಾಗಕ್ಕೂ ಸಲ್ಲಬೇಕಾದದ್ದು.

ಕೆಜಿಎಫ್‌ನಲ್ಲಿ ಪ್ರಶ್ನೆ ತಿರುವುಮುರುವಾಗಿದೆ, ಈಗ ತುರ್ತಿನದೂ ಆಗಿದೆ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಉಳಿದ 13 ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಟೇಲಿಂಗ್ಸ್ ಇದೆ. ಅದರಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇಷ್ಟು ವರ್ಷ ಗಾಳಿಮಳೆಗೆ ಸವೆಯುತ್ತ ತನ್ನಷ್ಟಕ್ಕೆ ನಿಂತಿದ್ದ ಇಳಿಜಾರಿನ ಬುಡವನ್ನು ಇನ್ನು ಮುಂದೆ ಯಂತ್ರಗಳು ಕತ್ತರಿಸಲಿವೆ. ಆಳದ ಗಣಿಗಳಲ್ಲಿ ಬಂಡೆ ಸಿಡಿಯುವುದನ್ನು ಅಧ್ಯಯನ ಮಾಡುತ್ತ ಇದೇ ಊರಿನಲ್ಲಿ 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಈಗ ಬೆಂಗಳೂರಿನಲ್ಲಿದೆ. ಗುಡ್ಡ ಕಡಿಯುವ ಕ್ರಮವನ್ನು ಮೊದಲೇ ಪರೀಕ್ಷಿಸಲು ಪರಿಣತಿಯ ಕೊರತೆಯಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಆ ಪರೀಕ್ಷೆ ಆಗಬಾರದು. ಒದ್ದೆ ಟೇಲಿಂಗ್ಸಿನ ಅರ್ಧ ಮೀಟರಿನ ಗೋಡೆಯನ್ನು ಅಲ್ಲಿ ನೆಟ್ಟಗೆ ಕಡಿದರೂ ತೇವದ ಬಿಗಿಯಲ್ಲಿ ನಿಂತೇ ಇರುತ್ತದೆ. ಅದೇ ಕಡಿತವನ್ನು ಐವತ್ತು ಪಟ್ಟು ಗುರುತ್ವದಲ್ಲಿ, ಎಂದರೆ 25 ಮೀಟರಿನ ಗುಡ್ಡದ ಭಾರದಲ್ಲಿ ನೋಡಿದ ಮೇಲೆಯೇ ಎಷ್ಟು ಕಡಿದಾಗಿ, ಯಾವ ತಿಂಗಳಲ್ಲಿ, ಎಷ್ಟೆಷ್ಟು ಮೆಟ್ಟಿಲಾಗಿ ಅಗೆಯಬಹುದೆಂದು ಟೆಂಡರಿನಲ್ಲಿ ಬರೆಯಲು ಸಾಧ್ಯ.